ಸೈನೈಡ್ ದಿಬ್ಬಕ್ಕೊಂದು ಬಾಗೆ ಮರ

ಜನವರಿ 12, 2025, ಭಾನುವಾರ. ರಾಬರ್ಟ್‌ಸನ್‌ಪೇಟೆ

ಮೇಜಿನ ಕಾಲು ಸರಿಮಾಡಲು ಆಚಾರ್ರು ಬಂದಿದ್ದರು. ಆಂಡರ್ಸನ್‌ಪೇಟೆಯ ಹಳೇ ಸಾಮಾನಿನ ಅಂಗಡಿಯಿಂದ ಹೋದ ವಾರ ತಂದ ಮೇಜು. ಚಿನ್ನದ ಗಣಿ ಸಾಹೇಬರ ಯಾವುದೋ ಬಂಗಲೆಯಲ್ಲಿ ಇದ್ದದ್ದಂತೆ, ವಾಲ್‌ನಟ್ ಮರದ್ದಂತೆ, ಅಂದರೆ ಅಕ್ರೋಟು. ಅಂಗಡಿಯವರ ಮಾತನ್ನು ಆಚಾರ್ರಿಗೆ ಒಪ್ಪಿಸಿದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೇಜನ್ನು ಬೋರಲು ಹಾಕಿ, ಪಾಲಿಶ್ ಕಾಣದ ಅಡಿಪಟ್ಟಿಯ ಮೇಲೆ ಹತ್ತರಿಯನ್ನು ಎರಡು ಸಲ ಎಳೆದರು. ಎಳೆದವರೇ ಸೀನಿದರು. ಇನ್ನೊಂದು ಸಲ ಸೀನಿ, ಟವಲಿನಲ್ಲಿ ಮೂಗು ಒರೆಸಿಕೊಂಡು, ‘ಬಾಗೆ ಕಣಮ್ಮ ಇದು. ಕಣ್ಣಲ್ಲಿ ನೋಡೋದೇ ಬೇಡ, ಮೂಗಿಗೇ ಗೊತ್ತಾಗುತ್ತೆ’ ಎಂದರು.

ಬಾಗೆಯ ಪುಡಿ ಮೂಗಿಗೆ ಹೋದರೆ ಸೀನು ಬರುವುದು ಹಳೆಯ ಬಡಗಿಗಳೆಲ್ಲರಿಗೂ ಗೊತ್ತು. ಆಚಾರ್ರು ತೋರಿಸಿದ ಜಾಗದಲ್ಲಿ ಮರದ ನಿಜವಾದ ಬಣ್ಣ ಕಂಡಿತು: ಕಡುಗಂದು ಕೆಚ್ಚು, ಅದರೊಳಗೆ ಇನ್ನೂ ಕಪ್ಪಾದ ಪಟ್ಟೆಗಳು, ಅಂಚಿನಲ್ಲಿ ಒಂದು ಬೆರಳಗಲ ಬಿಳಿ ಮರ. ಎಳೆಗಳು ಒಂದು ಪದರದಲ್ಲಿ ಈ ಕಡೆ ವಾಲಿದರೆ ಮುಂದಿನದರಲ್ಲಿ ಆ ಕಡೆ ವಾಲುತ್ತವೆ. ಹತ್ತರಿ ಹಾಕುವವನಿಗೆ ಇದು ಕಾಟ, ಮೇಲ್ಮೈ ಕಿತ್ತುಕೊಂಡು ಬರುತ್ತದೆ. ತಾಳ್ಮೆಯಿಂದ ನಯ ಮಾಡಿದರೆ ಮಾತ್ರ ಅದೇ ಎಳೆಗಳು ಬೆಳಕಿಗೆ ಪಟ್ಟೆಪಟ್ಟೆಯಾಗಿ ಹೊಳೆಯುತ್ತವೆ. ಮೇಜನ್ನು ಮಾಡಿದವನಿಗೆ ಆ ತಾಳ್ಮೆ ಇತ್ತು. ಮೇಲ್ಹಲಗೆಯ ಮೇಲೆ ಅಂಗೈ ಸವರಿದರೆ ಎಲ್ಲೂ ತಡೆಯುವುದಿಲ್ಲ.

ನನಗೆ ಈ ಮೇಜು ಈಗ ಇನ್ನೂ ಹೆಚ್ಚು ಇಷ್ಟ. ಕಾಶ್ಮೀರದಿಂದಲೋ ಇಂಗ್ಲೆಂಡಿನಿಂದಲೋ ಬಂದ ಮರವಲ್ಲ. ನಮ್ಮ ಕೆರೆಕಟ್ಟೆಗಳ ಮೇಲೆ, ಹೊಲದ ಬದುಗಳ ಮೇಲೆ ತಾನಾಗಿ ಹುಟ್ಟಿ, ಮೇಕೆಯ ಬಾಯಿ ತಪ್ಪಿಸಿಕೊಂಡು ದೊಡ್ಡದಾದ ಮರ.

ಜನವರಿ 14, ಮಂಗಳವಾರ. ಸಂಕ್ರಾಂತಿ

ಬೆಳಗ್ಗೆ ಪಕ್ಕದ ಮನೆಯ ಪಾಟಿ ಪೊಂಗಲ್ ಕೊಟ್ಟರು, ನಾನು ಎಳ್ಳುಬೆಲ್ಲ ಕೊಟ್ಟೆ. ಮಧ್ಯಾಹ್ನ ಬೇತಮಂಗಲದ ಕಡೆ ಹೋಗಿದ್ದಾಗ ದಾರಿಬದಿಯ ತೋಟವೊಂದರ ಬೇಲಿಯಲ್ಲಿ ಬಾಗೆ ಸಿಕ್ಕಿತು. ಎಲೆ ಒಂದೂ ಇಲ್ಲ. ತುಂಬ ಕಾಯಿಗಳು: ಗೇಣುದ್ದ, ಎರಡು ಬೆರಳಗಲ, ಒಣಹುಲ್ಲಿನ ಬಣ್ಣ, ಕಾಗದದಷ್ಟು ತೆಳು. ಬೀಜ ಇರುವಲ್ಲೆಲ್ಲ ಉಬ್ಬಿರುತ್ತವೆ. ಗಾಳಿ ಬಂದರೆ ಇಡೀ ಮರ ಗಲಗಲ ಎನ್ನುತ್ತದೆ. ಇಂಗ್ಲಿಷಿನವರು ಇದಕ್ಕೆ ಹೆಂಗಸಿನ ನಾಲಿಗೆ ಎಂದು ಹೆಸರಿಟ್ಟಿದ್ದಾರೆ. ನನಗೆ ಆ ಹೆಸರು ಇಷ್ಟವಿಲ್ಲ, ಈ ಪುಸ್ತಕದಲ್ಲಿ ಮತ್ತೆ ಬರೆಯುವುದಿಲ್ಲ.

ತೋಟದ ಯಜಮಾನರನ್ನು ಕೇಳಿ ಒಂದು ಚೀಲ ಕಾಯಿ ಆರಿಸಿಕೊಂಡೆ. ‘ಇದೇನು ತಿನ್ನಕ್ಕಾಗುತ್ತಾ ಟೀಚರಮ್ಮ?’ ಎಂದರು. ಇಲ್ಲ. ಅಕ್ರೋಟಿನ ಹಾಗೆ ಒಡೆದು ತಿನ್ನುವ ತಿರುಳು ಇದರಲ್ಲಿಲ್ಲ. ಬೀಜದಲ್ಲಿ ನೊರೆ ಬರಿಸುವ ಸಪೋನಿನ್ ಇದೆ, ಮನುಷ್ಯರ ಬಾಯಿಗಲ್ಲ. ಮೊಳಕೆ ಹಾಕಲು ಎಂದೆ. ಅವರು ನಕ್ಕು, ತಾವೇ ಕೊಕ್ಕೆಯಿಂದ ಎಳೆದು ಇನ್ನೊಂದಿಷ್ಟು ಉದುರಿಸಿದರು.

ಜನವರಿ 26, ಭಾನುವಾರ

ಮಧ್ಯಾಹ್ನವೆಲ್ಲ ಗ್ಯಾಂಬಲ್ ಓದಿದೆ. ಅವರ ಭಾರತದ ಮರಗಳ ಕೈಪಿಡಿ ಮೊದಲು ಬಂದದ್ದು 1881ರಲ್ಲಿ, ಪರಿಷ್ಕರಿಸಿದ್ದು 1902ರಲ್ಲಿ. ಮರದ ತುಂಡನ್ನು ಕೊಯ್ದು, ತೂಗಿ, ಭೂತಗನ್ನಡಿಯಲ್ಲಿ ನೋಡಿ ಬರೆದ ಪುಸ್ತಕ. ಇಂಥ ಪುಸ್ತಕ ಓದುವಾಗ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಬಾಗೆಯನ್ನು ಲಿನೇಯಸ್ 1753ರಲ್ಲಿ ಮಿಮೋಸ ಎಂದು ಹೆಸರಿಸಿದ. 1844ರಲ್ಲಿ ಬೆಂಥಮ್ ಅದನ್ನು ಆಲ್ಬಿಜಿಯಾ ಕುಲಕ್ಕೆ ಸೇರಿಸಿದ. ಹದಿನೆಂಟನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಈ ಕುಲದ ಇನ್ನೊಂದು ಮರದ ಬೀಜವನ್ನು ಫ್ಲಾರೆನ್ಸಿಗೆ ತಂದ ಶ್ರೀಮಂತ ಆಲ್ಬಿಜ್ಜಿಯ ನೆನಪಿಗೆ ಆ ಹೆಸರು. ಅಕ್ರೋಟಿಗೂ ಇದಕ್ಕೂ ನೆಂಟಸ್ತನ ಏನೇನೂ ಇಲ್ಲ. ಅಕ್ರೋಟು ಹಿಮಾಲಯದ ತಪ್ಪಲಿನಲ್ಲಿ, ಮಧ್ಯ ಏಷ್ಯದ ಬೆಟ್ಟಗಳಲ್ಲಿ ಕಾಡುಮರವಾಗಿ ಇರುವಂಥದ್ದು. ಬಾಗೆ ನಮ್ಮ ಹುಣಸೆ, ಹೊಂಗೆ, ಹುರುಳಿ, ಅವರೆಯ ಬಳಗ.

ಹಾಗಾದರೆ ಬಾಗೆ ವಾಲ್‌ನಟ್ ಎಂದು ಮಾರಾಟವಾದದ್ದು ಹೇಗೆ? ಯುರೋಪಿನಲ್ಲಿ ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಒಳ್ಳೆಯ ಪೀಠೋಪಕರಣ ಎಂದರೆ ಅಕ್ರೋಟಿನದು. 1709ರ ಭೀಕರ ಚಳಿಗಾಲದಲ್ಲಿ ಅಲ್ಲಿನ ಅಕ್ರೋಟು ಮರಗಳು ಲೆಕ್ಕವಿಲ್ಲದಷ್ಟು ಸತ್ತವು. 1720ರಲ್ಲಿ ಫ್ರಾನ್ಸು ಆ ಮರದ ರಫ್ತನ್ನೇ ನಿಲ್ಲಿಸಿತು. ಮರ ಹೋಯಿತು, ಮೋಹ ಹೋಗಲಿಲ್ಲ. ಮುಂದೆ ಸಾಮ್ರಾಜ್ಯ ಹರಡಿದಂತೆ ಎಲ್ಲೆಲ್ಲಿ ಕಂದು ಬಣ್ಣದ, ಪಟ್ಟೆಯಿರುವ ಮರ ಸಿಕ್ಕಿತೋ ಅದಕ್ಕೆಲ್ಲ ವರ್ತಕರು ಅದೇ ಹೆಸರು ಅಂಟಿಸಿದರು. ಆಫ್ರಿಕಾದ್ದು ಒಂದು, ಕ್ವೀನ್ಸ್‌ಲ್ಯಾಂಡಿನದು ಇನ್ನೊಂದು, ನಮ್ಮದು ಈಸ್ಟ್ ಇಂಡಿಯನ್ ವಾಲ್‌ನಟ್. ಅಂಡಮಾನಿನಿಂದಲೂ ಬರ್ಮಾದಿಂದಲೂ ‘ಕೊಕ್ಕೊ’ ಎಂಬ ಹೆಸರಿನಲ್ಲಿ ದಿಮ್ಮಿಗಳು ಹಡಗು ಹತ್ತಿದವು. ತೆಳುಹಾಳೆಯಾಗಿ ಸೀಳಿ ಗೋಡೆಗಳಿಗೂ ಕಪಾಟುಗಳಿಗೂ ಅಂಟಿಸಿದರು.

ಇಲ್ಲಿ ನಮ್ಮ ಊರುಗಳಲ್ಲಿ ಅದೇ ಮರ ಎಣ್ಣೆ ಗಾಣವಾಯಿತು, ಕಬ್ಬಿನ ಗಾಣವಾಯಿತು, ಒನಕೆಯಾಯಿತು, ಎತ್ತಿನ ಗಾಡಿಯ ಚಕ್ರವಾಯಿತು. ಗಾಣಕ್ಕೆ ಒಗ್ಗಿದ ಮರ ಎಂದರೆ ಅದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ. ದಿನವಿಡೀ ಉಜ್ಜಿಸಿಕೊಂಡು, ಎಣ್ಣೆ ಕುಡಿದು, ಬಿರುಕು ಬಿಡದೆ ನಿಲ್ಲಬೇಕು.

ಫೆಬ್ರವರಿ 9, ಭಾನುವಾರ. ಬಂಗಾರಪೇಟೆ

ಆಚಾರ್ರ ಜೊತೆ ಬಂಗಾರಪೇಟೆಗೆ ಹೋದೆ. ಮೇಜಿನ ಒಂದು ಕಾಲಿಗೆ ಹೊಂದುವ ತುಂಡು ಬೇಕಿತ್ತು. ಮಾರಿಕುಪ್ಪಂ ರೈಲಿನಲ್ಲಿ ಜಾಗ ಸಿಕ್ಕಿತು. ವಾರದ ದಿನವಾಗಿದ್ದರೆ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ನಡುವೆ ಕಾಲಿಡಲೂ ಆಗುತ್ತಿರಲಿಲ್ಲ. 1894ರಲ್ಲಿ ಗಣಿಗಾಗಿ ಹಾಕಿದ ಹಳಿ ಇದು. ಗಣಿ ನಿಂತಿದೆ, ಹಳಿ ಈ ಊರನ್ನು ಸಾಕುತ್ತಿದೆ. ಆಗ ಬಂಗಾರಪೇಟೆ ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರು.

ಸಾಮಿಲ್ಲಿನ ಅಂಗಳದಲ್ಲಿ ನೀಲಗಿರಿ, ಮತ್ತೆ ನೀಲಗಿರಿ. ಒಂದು ಕಡೆ ಹುಣಸೆ, ಬೇವು, ಸ್ವಲ್ಪ ಹಲಸು. ಬಾಗೆ ಇದೆಯೇ ಎಂದರೆ ಮೇಸ್ತ್ರಿ ಆಚಾರ್ರ ಮುಖ ನೋಡಿದರು. ‘ಯಾರಣ್ಣ ಈಗ ಬಾಗೆ ಕೇಳ್ತಾರೆ? ರಸ್ತೆ ಅಗಲ ಮಾಡುವಾಗ ಬಂದಿದ್ದು ಹಿಂದೆ ಬಿದ್ದಿದೆ, ನೋಡಿ.’ ಹಿಂದೆ, ಹೊಟ್ಟಿನ ರಾಶಿಯ ಪಕ್ಕ, ಮೂರು ದಿಮ್ಮಿ. ಬಿಳಿ ಮರವನ್ನು ಹುಳ ತಿಂದು ಹಿಟ್ಟು ಮಾಡಿದೆ, ಕೆಚ್ಚನ್ನು ಮುಟ್ಟಿಲ್ಲ. ಆಚಾರ್ರು ಬಾಚಿಯ ಹಿಂಬದಿಯಿಂದ ಬಡಿದು ಕಿವಿಗೊಟ್ಟು ಒಂದನ್ನು ಆರಿಸಿದರು. ಸೌದೆಯ ದರಕ್ಕೆ ಸಿಕ್ಕಿತು. ಯುರೋಪಿಗೆ ಹಡಗಿನಲ್ಲಿ ಹೋದ ಮರ ಇವತ್ತು ಬಂಗಾರಪೇಟೆಯಲ್ಲಿ ಸೌದೆಯ ದರ. ನನಗೆ ನೋವಾಯಿತು. ಅಗ್ಗಕ್ಕೆ ಸಿಕ್ಕಿತು ಎಂದು ಸಂತೋಷಪಡಲು ಆಗಲಿಲ್ಲ.

ಕೋಲಾರ ಜಿಲ್ಲೆಗೆ ನೀಲಗಿರಿ ಹೇಗೆ ಹತ್ತಿಕೊಂಡಿತು ಎಂಬುದು ನಾನು ಕಣ್ಣಾರೆ ಕಂಡ ಕಥೆ. ನಂದಿಬೆಟ್ಟಕ್ಕೆ ಅದು ಟಿಪ್ಪುವಿನ ಕಾಲದಲ್ಲೇ ಬಂದಿತ್ತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೇ ಇಳಿಯಿತು. ಏಳೆಂಟು ವರ್ಷಕ್ಕೆ ಕೊಯ್ಲು, ನೆಟ್ಟಗಿನ ಕಂಬ, ಕಾಗದದ ಕಾರ್ಖಾನೆಗೆ ಲಾರಿ. ದನ ಮುಟ್ಟುವುದಿಲ್ಲ, ಕಾವಲು ಬೇಡ. ಮಕ್ಕಳು ಪಟ್ಟಣ ಸೇರಿದ ಮನೆಗಳಿಗೆ ಇದಕ್ಕಿಂತ ಅನುಕೂಲವಾದ ಬೆಳೆ ಯಾವುದಿತ್ತು? ಅವರನ್ನು ನಾನು ದೂರುವುದಿಲ್ಲ. ಆದರೆ ಬಾವಿಗಳು ಬತ್ತಿದವು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಮಾರನೆಯ ವರ್ಷ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಂತು.

ನೀಲಗಿರಿ ಕಿತ್ತ ಹೊಲಗಳಲ್ಲಿ ಮುಂದೇನು ಎಂದು ಕೇಳಿದರೆ ಮಾವು, ಹೆಬ್ಬೇವು, ಸಿಲ್ವರ್ ಓಕ್ ಎಂಬ ಉತ್ತರ ಬರುತ್ತದೆ. ಬಾಗೆಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಫೆಬ್ರವರಿ 28, ಶುಕ್ರವಾರ

ಗಣಿ ಮುಚ್ಚಿದ ದಿನ. 2001ರ ಈ ದಿನ.

ಈ ದಿನ ಬಂದರೆ ಅಪ್ಪನ ನೆನಪು. ಅಪ್ಪ ಟಿಂಬರ್‌ಮನ್ ಆಗಿದ್ದರು. ಚಿನ್ನ ತೆಗೆದವರ ಬಗ್ಗೆ ಜನ ಮಾತಾಡುತ್ತಾರೆ. ಚಿನ್ನ ತೆಗೆದ ಪೊಳ್ಳಿನ ಮೇಲೆ ಕಲ್ಲು ಬೀಳದಂತೆ ಮರ ನಿಲ್ಲಿಸಿದವರ ಬಗ್ಗೆ ಕಡಿಮೆ. ಮರ ಮುರಿಯುವ ಮುಂಚೆ ನರಳುತ್ತದೆ, ಕಲ್ಲು ನರಳುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಆ ಸದ್ದು ಕೇಳಿದರೆ ಓಡಿಬರಲು ಒಂದು ಗಳಿಗೆ ಸಿಗುತ್ತದೆ. ಆಳ ಹೆಚ್ಚಿದಂತೆ ಮರ ಸಾಲದಾಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಹೋಯಿತಲ್ಲ, ಅಲ್ಲಿ ಬಂಡೆ ತಾನೇ ಸಿಡಿಯುತ್ತಿತ್ತು. ಹಳಬರು ಅದನ್ನು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಅದಕ್ಕೆ ಎದುರಾಗಿ ಗ್ರಾನೈಟ್ ಕಲ್ಲಿನ ಗೋಡೆಗಳನ್ನೇ ಒಳಗೆ ಕಟ್ಟಿದರು.

ಕಾಡಿಗೆ ಗಣಿಯ ಹಸಿವು ಮೊದಲು ತಟ್ಟಿದ್ದು ಮೇಲೆ, ಬಾಯ್ಲರುಗಳಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಪಂಪು, ರಾಟೆ, ಅದಿರು ಕುಟ್ಟುವ ಯಂತ್ರ ಎಲ್ಲ ಉಗಿಯ ಮೇಲೆ ನಡೆದವು. ಉಗಿಗೆ ಕಲ್ಲಿದ್ದಲು ಸಾಲದ ಕಡೆ ಸೌದೆ. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ತಂದದ್ದನ್ನು ನಾವು ಹೆಮ್ಮೆಯಿಂದ ಪಾಠ ಮಾಡುತ್ತೇವೆ. ಸುತ್ತಲಿನ ಬೆಟ್ಟಗಳ ಮರಗಳಿಗೆ ಅದು ಎಷ್ಟು ದೊಡ್ಡ ಬಿಡುಗಡೆ ಎಂಬುದನ್ನೂ ಪಾಠದಲ್ಲಿ ಸೇರಿಸಬೇಕು; ನಾನು ತರಗತಿಯಲ್ಲಿ ಸೇರಿಸುತ್ತೇನೆ.

ಅಪ್ಪನಿಗೆ ಬಾಗೆಯ ಬಗ್ಗೆ ಗೌರವ ಇತ್ತು. ಗಣಿಗೆ ಅದು ಬರುವುದಿಲ್ಲ ಎನ್ನುತ್ತಿದ್ದರು, ಏಕೆಂದರೆ ನೆಟ್ಟಗೆ ಬೆಳೆಯುವ ಜಾತಿಯಲ್ಲ. ಬಯಲಿನಲ್ಲಿ ಒಂಟಿಯಾಗಿ ಬಿಟ್ಟರೆ ಎದೆಯೆತ್ತರದಲ್ಲೇ ಕವಲೊಡೆದು ಕೊಡೆ ಬಿಚ್ಚುತ್ತದೆ. ‘ನೆರಳಿಗೆ ಹುಟ್ಟಿದ ಮರ ಅದು, ಕಂಬಕ್ಕಲ್ಲ.’

ನೆಟ್ಟಗಿನ ಕಂಬವನ್ನೇ ಮರ ಎಂದು ನಾವು ಎಣಿಸುತ್ತ ಬಂದೆವು. ಮೊದಲು ಗಣಿ, ಆಮೇಲೆ ಕಾಗದದ ಕಾರ್ಖಾನೆ, ಈಗ ಕಟ್ಟಡದ ಸೆಂಟ್ರಿಂಗ್. ಕೊಡೆ ಬಿಚ್ಚುವ ಮರಗಳೆಲ್ಲ ಒಂದೊಂದಾಗಿ ಲೆಕ್ಕದಿಂದ ಹೊರಗೆ ಬಿದ್ದವು.

ಮಾರ್ಚ್ 23, ಭಾನುವಾರ

ಎರಡು ದಿನದಿಂದ ಗಾಳಿ. ಗಣಿಯ ಹುಡಿ ಸುರಿದ ಸೈನೈಡ್ ದಿಬ್ಬದಿಂದ ಬಿಳಿ ದೂಳು ಎದ್ದು ಲೈನ್ ಮನೆಗಳ ಮೇಲೆ ಕೂರುತ್ತಿದೆ. ಒಣಹಾಕಿದ ಬಟ್ಟೆ ಜಾಡಿಸಿದರೆ ಹುಡಿ. ಪಾಟಿಗೆ ಉಬ್ಬಸ. ನಿನ್ನೆ ರಾತ್ರಿ ಕೂತೇ ಕಳೆದರಂತೆ.

ಬೆಳಗ್ಗೆ ಹೋದಾಗ ಬಾಗೆಯ ತೊಗಟೆ ಕುದಿಸುತ್ತಿದ್ದರು. ಮಗ ಆಂಧ್ರದ ಗಡಿ ಕಡೆಯಿಂದ ತಂದದ್ದಂತೆ. ಈ ಮನೆಗಳಲ್ಲಿ ಇದು ಹಳೆಯ ಮದ್ದು. ಆಯುರ್ವೇದದಲ್ಲಿ ಬಾಗೆ ಎಂದರೆ ಶಿರೀಷ. ವಿಷ ತೆಗೆಯುವ ದ್ರವ್ಯಗಳಲ್ಲೆಲ್ಲ ಅದಕ್ಕೆ ಚರಕ ಮೊದಲ ಸ್ಥಾನ ಕೊಟ್ಟಿದ್ದಾನೆ. ಉಬ್ಬಸಕ್ಕೂ ಅಲರ್ಜಿಗೂ ತೊಗಟೆಯ ಕಷಾಯ ಕೊಡುವ ಪದ್ಧತಿ ಇದೆ. ಅಲರ್ಜಿ ಕೆರಳಿಸುವ ಮಾಸ್ಟ್ ಕೋಶಗಳು ಒಡೆಯದಂತೆ ಈ ಕಷಾಯ ತಡೆಯುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದ್ದಾರೆ. 1979ರಲ್ಲೇ ಅಂಥ ಒಂದು ಅಧ್ಯಯನ ಪ್ರಕಟವಾಗಿದೆ. ಹಾಗಾಗಿ ಪಾಟಿಯ ಕಷಾಯವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಇನ್‌ಹೇಲರ್ ಬಿಟ್ಟು ಕಷಾಯ ಕುಡಿಯುವುದನ್ನು ಒಪ್ಪುವುದೂ ಇಲ್ಲ. ಕೂತು ಹೇಳಿದೆ: ‘ಪಾಟಿ, ಅದನ್ನೂ ಕುಡೀರಿ, ಇದನ್ನೂ ಎಳೀರಿ. ಡಾಕ್ಟರಿಗೆ ಕಷಾಯದ ವಿಷಯ ಹೇಳಿ.’ ನನ್ನೆದುರೇ ಇನ್‌ಹೇಲರ್ ಎಳೆದರು. ಸಂಜೆಗೆ ಉಸಿರು ಹಗುರವಾಗಿತ್ತು.

ಇಲ್ಲಿ ಇನ್ನೊಂದು ಮಾತನ್ನು ಖಚಿತವಾಗಿ ಬರೆದಿಡಬೇಕು. ಉಬ್ಬಸ ಬೇರೆ, ಸಿಲಿಕೋಸಿಸ್ ಬೇರೆ. ಕಲ್ಲುಪುಡಿಯ ಸಿಲಿಕಾ ಶ್ವಾಸಕೋಶದ ಆಳಕ್ಕೆ ಇಳಿದು ಗಾಯ ಮಾಡಿ, ಗಾಯ ಗಟ್ಟಿಯಾಗಿ, ಶ್ವಾಸಕೋಶವೇ ಬಿಗಿದುಕೊಳ್ಳುವ ರೋಗ ಅದು. ಅದನ್ನು ಹಿಂದಕ್ಕೆ ತಿರುಗಿಸುವ ಮದ್ದು ಇಲ್ಲ, ಕಷಾಯವಂತೂ ಅಲ್ಲ. 1940ರ ದಶಕದಲ್ಲಿ ಕೋಲಾರದ ಗಣಿ ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಂಡಿತ್ತು. ದೂಳು ಹುಟ್ಟದಂತೆ, ಏಳದಂತೆ ತಡೆಯುವುದೊಂದೇ ದಾರಿ. ಈ ಊರಿಗೆ ಬಾಗೆಯಿಂದ ಮದ್ದು ಬೇಕಿದ್ದರೆ ಅದು ಕುದಿಸುವ ಪಾತ್ರೆಯಲ್ಲಿಲ್ಲ, ದಿಬ್ಬದ ಮೇಲೆ ಬೇರು ಬಿಟ್ಟು ನಿಲ್ಲುವುದರಲ್ಲಿದೆ. ಈ ಯೋಚನೆ ಮೇಜು ಬಂದ ದಿನದಿಂದ ತಲೆಯಲ್ಲಿ ಸುಳಿಯುತ್ತಿತ್ತು, ಇವತ್ತು ಸ್ಪಷ್ಟವಾಯಿತು.

ಏಪ್ರಿಲ್ 20, ಭಾನುವಾರ

ಹೂ ಬಂದಿದೆ! ಬೇತಮಂಗಲದ ದಾರಿಯ ಅದೇ ಮರ. ಹೊಸ ಎಲೆಯ ನಡುವೆ ಹಸಿರುಮಿಶ್ರಿತ ಬಿಳಿಯ ಗೊಂಡೆಗಳು, ಒಂದೊಂದೂ ಮುಖಕ್ಕೆ ಪೌಡರ್ ಹಚ್ಚುವ ಪಫ್ಫಿನಷ್ಟೇ ಹಗುರ. ಬಾಡುವ ಹೊತ್ತಿಗೆ ಹಳದಿಗೆ ತಿರುಗುತ್ತವೆ. ಸಂಜೆಯ ಪರಿಮಳಕ್ಕೆ ದಾರಿಹೋಕರು ನಿಂತು ಮೇಲೆ ನೋಡುತ್ತಾರೆ. ಜೇನುನೊಣಗಳ ಸದ್ದು ಕೆಳಗೆ ನಿಂತರೂ ಕೇಳುತ್ತಿತ್ತು. ಎಲ್ಲ ಒಣಗಿರುವ ಈ ತಿಂಗಳಲ್ಲಿ ಜೇನಿಗೆ ಮಕರಂದವನ್ನೂ ಪರಾಗವನ್ನೂ ಕೊಡುವ ಮರ ಇದು.

ಕಾಳಿದಾಸನ ಶಾಕುಂತಲ ಶುರುವಾಗುವುದೇ ಬೇಸಿಗೆಯಲ್ಲಿ, ಹೆಂಗಸರು ಕಿವಿಗೆ ಶಿರೀಷದ ಹೂ ಮುಡಿಯುವ ಹೊತ್ತಿನಲ್ಲಿ. ತಮಿಳರಲ್ಲಿ ಗೆದ್ದ ರಾಜ ಮುಡಿಯುತ್ತಿದ್ದದ್ದು ಈ ಹೂವನ್ನೇ ಎಂದು ಪಾಟಿಯ ಮೊಮ್ಮಗಳು ಹೇಳಿದಳು. ತಮಿಳು ಪಾಠದಲ್ಲಿ ಓದಿದ್ದಾಳೆ. ಎರಡು ಗೊಂಡೆ ಕೊಯ್ದು ಅವಳ ಜಡೆಗೆ ಸಿಕ್ಕಿಸಿದೆ. ಮನೆ ಸೇರುವಷ್ಟರಲ್ಲಿ ಬಾಡಿಹೋಗಿದ್ದವು. ಅಷ್ಟು ನವಿರು.

ಮಳೆಮರವನ್ನೂ ಬಾಗೆಯನ್ನೂ ಒಂದೇ ಎಂದುಕೊಳ್ಳುವವರು ಬಹಳ. ಮಳೆಮರ ದಕ್ಷಿಣ ಅಮೆರಿಕದಿಂದ ತಂದು ಸಾಲುಮರವಾಗಿ ನೆಟ್ಟದ್ದು. ಹೂ ಗುಲಾಬಿ, ಕಾಯಿ ದಪ್ಪ, ಒಳಗೆ ಅಂಟು. ಬಾಗೆಯ ಸ್ವಂತ ತಂಗಿ ಚುಜ್ಜಲು. ನಮ್ಮ ಕಲ್ಲುಬೆಟ್ಟಗಳಲ್ಲಿ ಕುರುಚಲಾಗಿ ಸಿಗುತ್ತದೆ. ಅದರ ಎಲೆಯ ಪುಡಿಯೇ ಇಲ್ಲಿನ ತಮಿಳು ಮನೆಗಳ ಅರಪ್ಪು. ಎಣ್ಣೆಸ್ನಾನದ ದಿನ ಶಾಂಪು ಪಾಟಿಯ ಮನೆಯ ಬಚ್ಚಲಿಗೆ ಕಾಲಿಡುವುದಿಲ್ಲ. ಅರಪ್ಪು ಎಣ್ಣೆ ತೆಗೆಯುತ್ತದೆ, ತಲೆ ತಂಪಾಗಿರುತ್ತದೆ. ಬಾಗೆಯ ತೊಗಟೆಯ ಪುಡಿಯೂ ಹೀಗೆಯೇ ನೊರೆ ಕೊಡುತ್ತದೆ. ಚರ್ಮ ಹದ ಮಾಡಲೂ ಅದನ್ನು ಬಳಸುತ್ತಿದ್ದರು.

ಮೇ 11, ಭಾನುವಾರ

ರಜೆ. ದಿಬ್ಬದ ಬುಡದವರೆಗೆ ನಡೆದು ಹೋದೆ.

ಈ ದಿಬ್ಬಗಳನ್ನು ಸಿನಿಮಾದವರು ಮರಳುಗಾಡು ಎಂದು ತೋರಿಸುತ್ತಾರೆ. ಅದಿರನ್ನು ಹಿಟ್ಟಿನಂತೆ ಕುಟ್ಟಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದು, ಉಳಿದದ್ದನ್ನು ಸುರಿಯುತ್ತ ಬಂದರು. ನೂರಿಪ್ಪತ್ತು ವರ್ಷದಲ್ಲಿ ಹೊರಬಂದ ಚಿನ್ನ 800 ಟನ್‌ಗೂ ಹೆಚ್ಚು. ಹೊರಗೆ ಬಿದ್ದ ಹುಡಿ ಮೂರು ಕೋಟಿ ಟನ್‌ಗೂ ಹೆಚ್ಚು. ಆ ಹುಡಿಯಲ್ಲಿ ಇನ್ನೂ ಸ್ವಲ್ಪ ಚಿನ್ನ ಇದೆ ಎಂದು 2024ರ ಜೂನಿನಲ್ಲಿ ರಾಜ್ಯ ಸಂಪುಟ ಮತ್ತೆ ತೆಗೆಯಲು ಒಪ್ಪಿಗೆ ಕೊಟ್ಟಿತು. ತೆಗೆಯಲಿ. ತೆಗೆದ ಮೇಲೂ ಹುಡಿ ಹುಡಿಯಾಗಿಯೇ ಎಲ್ಲೋ ಒಂದು ಕಡೆ ಬೀಳುತ್ತದೆ. ಆಗ ಅದನ್ನು ಹಿಡಿದಿಡುವುದು ಯಾವುದು?

ದಿಬ್ಬದ ಅಂಚಿನಲ್ಲಿ ಬಳ್ಳಾರಿ ಜಾಲಿ ಹತ್ತಿಕೊಂಡಿದೆ. ಮೇಲೆ ಬೋಳು. ಹುಡಿಯಲ್ಲಿ ಸಾರ ಇಲ್ಲ, ಸಾರಜನಕವಂತೂ ಇಲ್ಲವೇ ಇಲ್ಲ, ನೀರು ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ಕಾಲು ಸುಡುತ್ತದೆ. ಇಂಥ ಕಡೆ ತನ್ನ ಗೊಬ್ಬರವನ್ನು ತಾನೇ ಮಾಡಿಕೊಳ್ಳುವ ಮರ ಬೇಕು. ಬಾಗೆಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಕ್ಷಾರದ ಮಣ್ಣನ್ನೂ ಉಪ್ಪನ್ನೂ ಅದು ತಡೆದುಕೊಳ್ಳುತ್ತದೆ. ಪ್ರತಿ ವರ್ಷ ಎಲೆಯನ್ನೆಲ್ಲ ಉದುರಿಸಿ ನೆಲಕ್ಕೆ ಹೊದಿಕೆ ಹಾಸುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಇದು ಬರೀ ನನ್ನ ಆಸೆಯ ಮಾತಲ್ಲ. ಸಿಂಗ್ರೌಲಿಯ ಕಲ್ಲಿದ್ದಲು ಗಣಿಗಳು ಹೊರಹಾಕಿದ ಮಣ್ಣಿನ ಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಾಗೆಯನ್ನೂ ಅದರ ದಾಯಾದಿ ಮರಗಳನ್ನೂ ಅಧ್ಯಯನ ಮಾಡಿದ್ದಾರೆ. ಬಾಗೆ ನೆಟ್ಟ ಕಡೆ ಮಣ್ಣಿನ ಸಾರ ಕೂಡುತ್ತ ಹೋದದ್ದು ಕಂಡಿದೆ. ಆಸ್ಟ್ರೇಲಿಯದ ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ನೋಡಿದ್ದು ಇನ್ನೂ ಹಿತವಾದದ್ದು: ಬಾಗೆಯ ಕೊಡೆಯ ಕೆಳಗೆ ಹುಲ್ಲು ಬಯಲಿಗಿಂತ ಚೆನ್ನಾಗಿ ಬೆಳೆಯುತ್ತದೆ, ದನಗಳು ಉದುರಿದ ಎಲೆ, ಹೂ, ಕಾಯಿ ಎಲ್ಲವನ್ನೂ ಋತುವಿಗೆ ತಕ್ಕಂತೆ ಆರಿಸಿ ತಿನ್ನುತ್ತವೆ. ನೀಲಗಿರಿಯ ಕೆಳಗೆ ಒಂದು ಗರಿಕೆಯನ್ನಾದರೂ ಹುಡುಕಿ ನೋಡಿ!

ಒಂದು ಎಚ್ಚರ. ದಿಬ್ಬದ ಮೇಲೆ ಬೆಳೆದ ಮರದ ಸೊಪ್ಪನ್ನು ಮೇಕೆಗೆ ಹಾಕಬಾರದು, ತೊಗಟೆಯನ್ನು ಮದ್ದಿಗೆ ತೆಗೆಯಬಾರದು. ಅದಿರಿನ ಜೊತೆ ಬಂದ ಲೋಹಗಳು ಆ ಹುಡಿಯಲ್ಲಿ ಇವೆ. ಅಲ್ಲಿಯ ಬಾಗೆಗೆ ಒಂದೇ ಕೆಲಸ: ದೂಳು ಹಿಡಿಯುವುದು, ಮೂವತ್ತು ನಲವತ್ತು ವರ್ಷಕ್ಕೆ ಕೆಚ್ಚುಕಟ್ಟುವುದು. ಮೇವಿಗೂ ಮದ್ದಿಗೂ ಬೇರೆ ಬಾಗೆಗಳನ್ನು ಬದುಗಳಲ್ಲಿ, ಕೆರೆಕಟ್ಟೆಗಳಲ್ಲಿ ಬೆಳೆಸಬೇಕು.

ಇನ್ನೊಂದು ತೊಂದರೆಯೂ ಇದೆ. ಬೇರು ಮೇಲ್ಮೇಲೆ ಹರಡುವುದರಿಂದ ಒಂಟಿ ಮರ ಬಿರುಗಾಳಿಗೆ ಉರುಳುವುದುಂಟು. ದಿಬ್ಬದ ನೆತ್ತಿಯಲ್ಲಿ ಅಲ್ಲ, ಬುಡದಲ್ಲಿ ಮತ್ತು ಗಾಳಿ ಬರುವ ಪಡುವಣ ಮಗ್ಗುಲಲ್ಲಿ, ಹೊಂಗೆ ಬೇವಿನ ಜೊತೆ ಒತ್ತಾಗಿ ನೆಡಬೇಕು. ನಗರಸಭೆಗೂ ಅರಣ್ಯ ಇಲಾಖೆಗೂ ಒಂದು ಮನವಿ ಬರೆಯಲು ಕೂತಿದ್ದೇನೆ. ನಕ್ಷೆಯನ್ನು ಹತ್ತನೇ ತರಗತಿಯ ಮಕ್ಕಳು ಬರೆದುಕೊಡುತ್ತಿದ್ದಾರೆ.

ಜೂನ್ 1, ಭಾನುವಾರ

ಒಳ್ಳೆಯ ಮಳೆ. ಬೀಜ ಹಾಕುವ ಹೊತ್ತು.

ಬಾಗೆಯ ಬೀಜಕ್ಕೆ ಗಟ್ಟಿ ಸಿಪ್ಪೆ. ಹಾಗೇ ಹಾಕಿದರೆ ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ, ತಮಗೆ ಮನಸ್ಸಾದಾಗ ಹುಟ್ಟುತ್ತವೆ. ನೀರು ಕುದಿಸಿ ಇಳಿಸಿ, ಬೀಜದ ಮೇಲೆ ಸುರಿದು, ಅದರಲ್ಲೇ ಆರಲು ಬಿಟ್ಟು, ಒಂದು ಹಗಲು ಒಂದು ರಾತ್ರಿ ನೆನೆಸಿದೆ. ಉಬ್ಬಿದವನ್ನು ಆರಿಸಿ ತೆಗೆದೆ. ಉಬ್ಬದವಕ್ಕೆ ಇನ್ನೊಂದು ಸಲ ಬಿಸಿನೀರು. ಒಂದು ಕಿಲೋಗೆ ಎಂಟು ಹತ್ತು ಸಾವಿರ ಬೀಜ ಬರುವುದರಿಂದ ಒಂದು ಚೀಲ ಕಾಯಿಯಲ್ಲಿ ಇಡೀ ಶಾಲೆಗಾಗುವಷ್ಟಿತ್ತು. ಮಕ್ಕಳು ಹಾಲಿನ ಪ್ಯಾಕೆಟ್ ತೊಳೆದು ತಂದರು. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಮತ್ತು ಬೇತಮಂಗಲದ ಮರದ ಬುಡದಿಂದ ತಂದ ಒಂದೊಂದು ಹಿಡಿ ಮಣ್ಣು. ಆ ಮಣ್ಣಿನಲ್ಲಿ ಬೇರಿನ ಗಂಟಿಗೆ ಬೇಕಾದ ಬ್ಯಾಕ್ಟೀರಿಯಾ ಇರುತ್ತದೆ. ಒಂದಿಷ್ಟು ಪ್ಯಾಕೆಟ್‌ಗಳಿಗೆ ಮಾತ್ರ ದಿಬ್ಬದ ಬುಡದ ಹುಡಿಯನ್ನು ಅರ್ಧಕ್ಕರ್ಧ ಬೆರೆಸಿದೆ, ಹೇಗೆ ಏಳುತ್ತವೆ ನೋಡಲು. ಹುಡಿಯನ್ನು ನಾನೇ ಕೈಗವಸು, ಮಾಸ್ಕ್ ಹಾಕಿಕೊಂಡು ತುಂಬಿದೆ. ಮಕ್ಕಳನ್ನು ಹತ್ತಿರ ಬಿಡಲಿಲ್ಲ.

ಜೂನ್ 15, ಭಾನುವಾರ

ಮೊಳಕೆ ಎದ್ದಿವೆ. ಕೆಮ್ಮಣ್ಣಿನಲ್ಲಿ ಬಹುಪಾಲು, ಹುಡಿ ಬೆರೆಸಿದ್ದರಲ್ಲಿ ಅರ್ಧ. ಹುಡಿಯಲ್ಲಿ ಎದ್ದವು ಗಿಡ್ಡ, ಬಣ್ಣ ಸ್ವಲ್ಪ ಪೇಲವ. ಆದರೆ ಎದ್ದಿವೆ. ಗಂಟು ಕಟ್ಟಿದ ಮೇಲೆ ಮತ್ತೆ ಅಳೆದು ನೋಡಬೇಕು, ಆಗಸ್ಟ್ ಹೊತ್ತಿಗೆ. ಅಂಕಿಗಳನ್ನು ಮನವಿಯ ಜೊತೆ ಸೇರಿಸುತ್ತೇನೆ.

ಆಚಾರ್ರು ಮೇಜಿನ ಹೊಸ ಕಾಲನ್ನು ಕೂರಿಸಿ ಹೋದರು. ಸಸಿಗಳನ್ನು ನೋಡಿ, ಮೊಮ್ಮಗನ ಹೊಲದ ಬದುವಿಗೆ ಹತ್ತು ಕೇಳಿದರು. ಲೈನಿನ ಕೊನೆಯ ಮನೆಯ ಮೇಕೆಯಮ್ಮನೂ ಬಂದು ಕೇಳಿದಳು. ಅವಳ ಲೆಕ್ಕ ಬೇರೆ: ಬಾಗೆ ಸೊಪ್ಪು ತಿಂದ ಮೇಕೆ ಚೆನ್ನಾಗಿ ಹಾಲು ಕೊಡುತ್ತದಂತೆ. ಇರಬಹುದು, ಎಳೆಯ ಸೊಪ್ಪಿನಲ್ಲಿ ಪ್ರೋಟೀನ್ ಬಹಳ. ಅವಳಿಗೆ ಕೆಮ್ಮಣ್ಣಿನ ಸಸಿಗಳನ್ನೇ ಕೊಟ್ಟೆ. ಮೊದಲ ಮೂರು ವರ್ಷ ಮೇಕೆಗಳನ್ನು ಹತ್ತಿರ ಬಿಡುವುದಿಲ್ಲ, ಸುತ್ತ ಜಾಲಿಮುಳ್ಳು ಕಟ್ಟುತ್ತೇನೆ ಎಂದು ಒಪ್ಪಿಸಿಕೊಂಡ ಮೇಲೆ ಕೊಟ್ಟೆ. ‘ಮೂರು ವರ್ಷವಾ ಟೀಚರಮ್ಮ?’ ಎಂದಳು. ಮೂರು ವರ್ಷ ಎಂದೆ. ಒಂದನ್ನು ವಾಪಸ್ ಇಟ್ಟು ನಾಲ್ಕು ತೆಗೆದುಕೊಂಡು ಹೋದಳು. ನಾಲ್ಕಕ್ಕೆ ಸಾಕಾಗುವಷ್ಟೇ ಮುಳ್ಳು ತನ್ನ ಹತ್ತಿರ ಇದೆ ಎಂದಳು.